ಪುಗ್ಗ್ಯಾನ ಕೊರಳಿನ ತಾಯತ

ದೇವಣಗಾಂವ, ತಾ. ಸಿಂದಗಿ
3 ಸೆಪ್ಟೆಂಬರ್ 2002

ಬಾಗೇವಾಡಿಯ ಗುರಣ್ಣ ಮಾಸ್ತರರಿಗೆ ದೇವಣಗಾಂವದ ಸುಲ್ತಾನಬಿ ಮಾಡುವ ಸಲಾಮು.

ಈ ಕಾಗದ ನಾ ಹೇಳತೇನಿ, ನನ್ನ ಮೊಮ್ಮಗಳು ಸಗೀರಾ ಬರೀತಾಳ. ಮೊದಲ 'ಇಲ್ಲಿ ಎಲ್ಲಾರೂ ಕ್ಷೇಮ' ಅಂತ ಬರಿಯಾಕ ಹೊಂಟಿದ್ಲು. ನಾ ಪೆನ್ನ ಹಿಡದ ತಡದೆ. ಕ್ಷೇಮ ಇಲ್ರಿ. ನನಗ ಸಿಟ್ಟ ಬಂದೈತಿ.

ಹೋದ ತಿಂಗಳ ಸಿಂದಗಿ ದವಾಖಾನಿಗೆ ನೀವು ದಮ್ಮಿನ ಹುಡುಗರಿಗಂತ ಆ ಮನಷ್ಯಾನಂಥ ಯಂತ್ರಾ ತಂದಿದ್ರಿ. ನಾವೂ ಬಂದಿದ್ವಿ. ಹಸರ ಸೀರಿ, ಎಲ್ಲಾರ್ಕಿಂತ ಮುಂದ ಕುಂತು 'ಕಾಣವಲ್ತು, ಸರೀರಿ' ಅಂತ ಒದರಾಕತ್ತಿದ್ದಾಕಿ ನಾನ. ನಿಮ್ಮ ಯಂತ್ರಾ ಕೈ ಎತ್ತಿ ಪಂಪ್ ಬಾಯಾಗ ಇಟ್ಕೊಂತು, ಹತ್ತ ಎಣಸ್ರಿ ಅಂತು, ಹುಡುಗ್ರು ಎಣಸಿದ್ರು. ಅದೆಲ್ಲಾ ಭೇಷ ಆತು. ಖರೆ ನನ್ನ ಹುಡುಗಿ ಮನಿಗೆ ಬರೂದ್ರಾಗ ಆಕಿ ಕೊರಳು ಬೋಳ ಆಗಿತ್ತು. ತಾಯತ ಎಲ್ಲಿ ಅಂದ್ರ ನಿಮ್ಮ ಯಂತ್ರದ ಕೊರಳಿಗೆ ಕಟ್ಟಿ ಬಂದೇನಿ ಅಂತಾಳ. ಯಾಕವಾ ಅಂತ ಕೇಳಿದ್ರ ಅದರ ಎದಿನೂ ಸುಂಯ್ ಅನ್ನಾಕತ್ತಿತ್ತು ದಾದಿ ಅಂತಾಳ. ಕಬ್ಬಿಣಕ್ಕ ಎಲ್ಲೆರ ದಮ್ಮ ಹತ್ತತೈತೇನ್ರಿ?

ಆ ತಾಯತ ನನ್ನ ಗಂಡ ಚಮನಸಾಬ, ಹುಡುಗಿ ಹುಟ್ಟಿದ ವರ್ಷ ದರ್ಗಾಕ್ಕ ನಡಕೊಂತ ಹೋಗಿ ತಂದ ಕಟ್ಟಿದ್ದು. ಹನ್ನೆರಡ ವರ್ಷದಾಗ ದಾರ ಬದಲಿ ಮಾಡೇವಿ, ತಾಯತ ಬಿಚ್ಚಿಲ್ಲ. ಅಂವಾ ತೀರಿಕೊಂಡು ಮೂರ ವರ್ಷ ಆತು. ಹುಡುಗಿ ಅಪ್ಪ ಅವ್ವ, ಅಂದ್ರ ನನ್ನ ಮಗ ಮೈಬೂಬ ಮತ್ತ ಸೊಸಿ, ಸೊಲ್ಲಾಪುರದಾಗ ಚಾದರದ ಮಗ್ಗದ ಮ್ಯಾಲ ಅದಾರ. ಅಲ್ಲಿ ಹತ್ತಿ ಧೂಳಿಗೆ ಈಕಿ ಉಸರು ಹಿಡೀತೈತಿ ಅಂತ ನನ್ನ ಉಡ್ಯಾಗ ಹಾಕಿ ಹೋಗ್ಯಾರ. ಈ ವರ್ಷ ಏಳನೆತ್ತಾ, ಬೋರ್ಡಿನ ಪರೀಕ್ಷಾ. ವಾರಕ್ಕ ಒಂದ ದಿನಾ ಸಾಲಿ ತಪ್ಪಸ್ತಾಳ, ಹಿಂಗ ಆದ್ರ ಪರೀಕ್ಷಾಕ್ಕ ಕುಂಡ್ರಸೂದಿಲ್ಲ ಅಂತ ಹೆಡ್‌ಮಾಸ್ತರ ಹೇಳ್ಯಾನ. ಇಂಥಾದ್ರಾಗ ಬೋಳ ಕೊರಳ ಬ್ಯಾರೆ.

ನನಗ ಓದಾಕ ಬರೂದಿಲ್ಲ, ಕಿವಿ ಮಾತ್ರ ಭೇಷ ಅದಾವ. ಆಕಿ ಓದತಾಳ, ನಾ ಕೇಳತೇನಿ. ತಾಯತ ರಜಿಸ್ಟರ್ ಟಪಾಲಿಗೆ ಕಳಸ್ರಿ.

ಹೆಬ್ಬೆಟ್ಟು: ಸುಲ್ತಾನಬಿ

ಸರ್, ಇದು ದಾದಿ, ಅಂದ್ರ ನನ್ನ ಅಜ್ಜಿ, ಹೇಳಿದ್ದಲ್ಲ, ನಾನು ಬರೆದದ್ದು. ನಿಮ್ಮ ಯಂತ್ರದ, ಅಂದ್ರ ಪುಗ್ಗ್ಯಾನ, ಎಡಗಡೆ ಪುಗ್ಗಾ ಸುಂಯ್ ಅನ್ನೋದು ಖರೇನ ಐತ್ರಿ. ನನ್ನ ಎದೆಯೂ ಹಂಗ ಅಂತದ, ಅದಕ್ಕೆ ಗುರುತು ಸಿಕ್ಕಿತು. ಅವನಿಗೆ ಆರಾಮ ಆದ ಮೇಲೆ ತಾಯತ ಕಳಿಸಿದರೂ ನಡೀತದ. ಸಗೀರಾ.


ಮುದ್ದೇಬಿಹಾಳ
17 ಸೆಪ್ಟೆಂಬರ್ 2002

ಸುಲ್ತಾನಬಿ ಅಮ್ಮಾರಿಗೆ ಗುರಣ್ಣನ ನಮಸ್ಕಾರ.

ನಿಮ್ಮ ಕಾಗದ ಬಾಗೇವಾಡಿಗೆ ಬಂದು, ಅಲ್ಲಿಂದ ಬಸ್ ಕಂಡಕ್ಟರನ ಕೈಯಾಗ ಮುದ್ದೇಬಿಹಾಳಕ್ಕ ಬಂತು. ಹಸರ ಸೀರಿ ನನಗ ನೆನಪೈತ್ರಿ. ನಿಮ್ಮ ದನಿ ಇನ್ನೂ ಭಾಳ ನೆನಪೈತಿ.

ನಾ ಪಾಲಿಟೆಕ್ನಿಕ್ಕಿನ್ಯಾಗ ಯಂತ್ರದ ಪಾಠಾ ಹೇಳಾಂವ. ಬಾಗೇವಾಡಿಯ ಮಕ್ಕಳ ಡಾಕ್ಟರ್ ನಿಷತ ಬಾಯಾರು, 'ಪಂಪ್ ಹ್ಯಾಂಗ ಹಿಡಿಬೇಕು ಅಂತ ನಾ ಹೇಳಿದ್ರ ಹುಡುಗ್ರು ಅಳತಾವ, ಅವುಕ್ಕ ಒಬ್ಬ ಗೆಳ್ಯಾನ ಮಾಡಿ ಕೊಡ್ರಿ' ಅಂದ್ರು. ಹಳೇ ಬಸ್ಸಿನ ಕಾಜ ಒರಸೂ ಮೋಟರ್‌ಲೆ ಕೈ, ಬ್ಯಾಟರಿ ಬಲ್ಬಿನ ಕಣ್ಣು, ಹೊಟ್ಯಾಗ ಟೇಪ್‌ರೆಕಾರ್ಡ್, ಎದಿಯೊಳಗ ಪುಪ್ಪಸದ ಬದಲಿ ಎರಡ ಪುಗ್ಗಾ, ಅಂದ್ರ ಬಲೂನು. ಇಂಡಿ ಹುಡುಗ್ರು ಪುಗ್ಗ್ಯಾ ಅಂತ ಹೆಸರಿಟ್ರು. ನಾಕೂ ತಾಲೂಕಿನ್ಯಾಗ ಟೆಂಪೋದಾಗ ಕುಂಡ್ರಿಸಿಕೊಂಡು ತಿರಗತೇನಿ. ಎಡಗಡೆ ಪುಗ್ಗಾದ ನಳಗಿ ಖರೇನ ಸೀಳಿತ್ತು. ಮಾಡಿದ ನನಗ ಕೇಳಸಲಿಲ್ಲ, ನಿಮ್ಮ ಹುಡುಗಿಗೆ ಕೇಳಸ್ತು. ನಿಮ್ಮ ಕಿವಿನ ಆಕಿಗೂ ಬಂದಾವ.

ತಾಯತ ಭದ್ರ ಐತ್ರಿ. ಊರಿಗೆ ಮುಟ್ಟಿದ ಕೂಡ್ಲೆ ಕಳಸ್ತೇನಿ.

ಈಗ ಡಾಕ್ಟರ್ ಬಾಯಾರ ಮಾತು. ಕಂದು ಪಂಪು ಮುಂಜಾನೆ ಒಮ್ಮೆ, ಸಂಜಿಕೆ ಒಮ್ಮೆ, ಆರಾಮಿದ್ರೂ ಬಿಡಬಾರದು, ತಗೊಂಡ ಮ್ಯಾಲ ಬಾಯಿ ಮುಕ್ಕಳಸಬೇಕು. ನೀಲಿ ಪಂಪು ಉಸರು ಹಿಡದಾಗಷ್ಟ. ಇನ್ನೊಂದು ಮಾತು. ಶಿಬಿರದಾಗ ಎಲ್ಲಾ ಹುಡುಗರಿಗೂ ಒಂದು ಹಾಳಿ ಕೊಟ್ಟಿದ್ವಿ, ಉಸರು ಹಿಡದ ದಿನಾ ಗೆರಿ ಹೊಡೀರಿ ಅಂತ. ಸಗೀರಾ ತನ್ನ ಹಾಳಿ ಟಪಾಲಿಗೆ ಹಾಕ್ಯಾಳ. ಎಲ್ಲಾ ಗೆರಿ ಶುಕ್ರವಾರ ಮುಂಜಾನೆ ಅದಾವ. ಗುರುವಾರ ಸಂಜಿಕೆ ನಿಮ್ಮ ಮನ್ಯಾಗ ಲೋಬಾನದ ಧೂಪ ಹಾಕತೀರೇನ್ರಿ? ಹಾಕತಿದ್ರ ಕೈ ಮುಗದ ಕೇಳತೇನಿ, ಮನಿಯೊಳಗ ನಿಲ್ಲಸ್ರಿ. ದಮ್ಮಿನ ಎದಿಗೆ ಹೊಗಿ ವೈರಿ. ಅದು ಬೀಡಿದಿರಲಿ, ಒಲಿದಿರಲಿ, ದೇವರದಿರಲಿ.

ನಿಮ್ಮವ,
ಗುರಣ್ಣ


ದೇವಣಗಾಂವ
4 ಅಕ್ಟೋಬರ್ 2002

ಗುರಣ್ಣ ಮಾಸ್ತರರಿಗೆ ಸಲಾಮು.

ಸಿಟ್ಟ ಇಳೀತ್ರಿ. ಎಷ್ಟ ಛಂದ ಬರದೀರಿ. ಹಸರ ಸೀರಿ ನೆನಪ ಇಟ್ಟೀರಿ, ನನ್ನ ಕಿವಿ ಹೊಗಳೀರಿ. ಕಲತ ಮಂದಿ ಅಂದ್ರ ಕಾಗದದ ತುಂಬ ಉಪದೇಶ ಇರತೈತಿ ಅಂತ ತಿಳದಿದ್ದೆ. ನಿಮ್ಮ ಕಾಗದದಾಗ ತ್ರಾಸಿನ ಮಾತ ಒಂದೂ ಇಲ್ಲ.

ಪಂಪ್ ಎರಡೂ ಹೊತ್ತು ತಪ್ಪಸೂದಿಲ್ಲ. ಪುಗ್ಗ್ಯಾ ಹೇಳಿಧಂಗ ಅಲ್ಲಾಡಸ್ತಾಳ, ಉಸರು ಹೊರಗ ಬಿಡತಾಳ, ಒತ್ತತಾಳ, ನಾ ಹತ್ತ ಎಣಸ್ತೇನಿ. ಒಮ್ಮೊಮ್ಮೆ ಜಗ್ಗಿ ಹನ್ನೆರಡ ಮಾಡತೇನಿ. ಓಣಿಯಾಗಿನ ಹೆಂಗಸ್ರು ಬಂದು, ಪಂಪಿನ ಚಟಾ ಬಿದ್ರ ನಾಳೆ ಈಕಿನ ಯಾರ ಮಾಡಿಕೊಳ್ಳತಾರ ಅಂದ್ರು. ದಿನಾ ಎರಡ ಹೊತ್ತು ಉಣ್ಣೂದೂ ಚಟಾನ, ಅದನ್ನ ಬಿಟ್ಟ ತೋರಸ್ರಿ ಮೊದಲ, ಅಂದೆ. ಅವತ್ತಿಂದ ಬಂದಿಲ್ಲ.

ಆದ್ರೂ ಶುಕ್ರವಾರ ಮತ್ತ ಹಿಡೀತ್ರಿ. ಮುಂಜಾನೆ ಎದ್ದು ಗ್ವಾಡಿ ಹಿಡಕೊಂಡ ಕುಂತಿತ್ತು ಹುಡುಗಿ. ಕೊರಳಾಗ ತಾಯತ ಇಲ್ಲ, ಬ್ಯಾರೆ ಕಾವಲು ಬೇಕಲ್ಲ? ಅದಕ್ಕ ಗುರುವಾರದ ಜತಿಗೆ ಸೋಮವಾರನೂ ಲೋಬಾನ ಹಾಕಾಕ ಚಾಲೂ ಮಾಡೇನಿ. ಚಮನಸಾಬನ ಹೆಸರ ತಗೊಂಡು ಆಕಿ ಹಾಸಗಿ ಸುತ್ತ ಮೂರ ಸುತ್ತ ತಿರಗಸ್ತೇನಿ.

ಹುಡುಗಿ ಬಗ್ಗೆ ಏನರ ಹೇಳೂದಿದ್ರ ನೇರ ಬರೀರಿ. ನಾ ಗಟ್ಟಿ ಹೆಂಗಸು.

ಹೆಬ್ಬೆಟ್ಟು: ಸುಲ್ತಾನಬಿ


ಇಂಡಿ
16 ಅಕ್ಟೋಬರ್ 2002

ಸುಲ್ತಾನಬಿ ಅಮ್ಮಾ,

ಈ ಸಲ ಸಿಟ್ಟು ನನ್ನ ಪಾಳಿ. ತಪ್ಪ ತಿಳಕೋಬ್ಯಾಡ್ರಿ.

ಲೋಬಾನ ನಿಲ್ಲಸ್ರಿ ಅಂತ ಕೈ ಮುಗದ ಬರದಿದ್ದೆ. ನೀವು ಸೋಮವಾರನೂ ಚಾಲೂ ಮಾಡೇನಿ ಅಂತ ತಿರಗಿ ಬರದೀರಿ. ಅದೂ ಕಾಗದದಾಗ ತ್ರಾಸಿನ ಮಾತ ಇಲ್ಲ ಅಂತ ನನ್ನ ಹೊಗಳಿ. ಒಂದ ಕೈಲೆ ಪಂಪ್ ಕೊಟ್ಟು ಇನ್ನೊಂದ ಕೈಲೆ ಹೊಗಿ ಹಾಕಿದ್ರ ಹುಡುಗಿ ಯಾವ ಕೈ ಹಿಡಿಬೇಕು ನೀವ ಹೇಳ್ರಿ. ನಿಮ್ಮ ಛಲಕ್ಕ ಆಕಿ ಪರೀಕ್ಷಾ ತಪ್ಪತೈತಿ.

ನಾನೂ ದಮ್ಮಿನ ಹುಡುಗನ ಇದ್ದೆ ಅಮ್ಮಾ. ಹೂವಿನ ಹಿಪ್ಪರಗಿ ಸಾಲಿಯೊಳಗ ಮಾಸ್ತರರು ನನ್ನ ಕಿಡಕಿ ಕಡೆ ಕುಂಡ್ರಸತಿದ್ರು. ಹುಡುಗ್ರು ಕಬಡ್ಡಿ ಆಡಾಕತ್ರ ನಾ ಅವರ ಚಪ್ಪಲಿ ಕಾಯತಿದ್ದೆ. ಅವತ್ತ ನನಗ ಯಾರೂ ಹೇಳಲಿಲ್ಲ, ಹೇಳವ್ರೂ ಇದ್ದಿಲ್ಲ. ನಿಮಗ ಹೇಳವ್ರು ಅದಾರ. ಕೇಳ್ರಿ.

ತಾಯತ ಭದ್ರ ಐತಿ.

ಗುರಣ್ಣ


ದೇವಣಗಾಂವ
30 ಅಕ್ಟೋಬರ್ 2002

ಪೂಜ್ಯ ಗುರಣ್ಣ ಸರ್ ಅವರಿಗೆ ಸಗೀರಾ ಮಾಡುವ ನಮಸ್ಕಾರಗಳು.

ಇದು ದಾದಿಗೆ ಗೊತ್ತಿಲ್ಲದ ಕಾಗದ ಸರ್. ಸಾಲಿಯಲ್ಲಿ ಕುಂತು ನೋಟ್‌ಬುಕ್ಕಿನ ಹಾಳೆ ಹರಿದು ಬರೆಯಾಕತ್ತೇನಿ. ಟಪಾಲ ಡಬ್ಬಿ ಸಾಲಿಯ ಬಾಜೂಕ ಐತಿ.

ನಿಮ್ಮ ಸಿಟ್ಟಿನ ಕಾಗದ ನಾನು ದಾದಿಗೆ ಓದಲಿಲ್ಲ. 'ಅಮ್ಮಾ, ಹವಾ ಬದಲಾಗೈತಿ, ಮಣಕಾಲು ಜೋಪಾನ' ಅಂತ ನಾನೇ ಕಟ್ಟಿ ಓದಿದೆ. ದಾದಿ, ಎಷ್ಟು ಒಳ್ಳೆಯಾಂವ ಅಂದ್ಲು. ಮೊದಲಿನ ಕಾಗದದಾಗೂ ಲೋಬಾನದ ಸಾಲು ಬಿಟ್ಟು ಓದಿದ್ದೆ. ತಪ್ಪು ನಂದು, ದಾದಿಗೆ ಬೈಬ್ಯಾಡ್ರಿ.

ಹೊಗೆ ವೈರಿ ಅಂತ ಪುಗ್ಗ್ಯಾ ಶಿಬಿರದಾಗ ಹೇಳಿದಾಗಲೇ ನನಗೆ ತಿಳೀತು. ಅವತ್ತು ದಾದಿ ನನಗೆ ಚಹಾ ತರಾಕ ಹೊರಗೆ ಹೋಗಿದ್ಲು, ಆ ಮಾತು ಕೇಳಲಿಲ್ಲ. ದಾದಿಗೆ ನಾ ಹೇಳಾಕ ಆಗೂದಿಲ್ಲ ಸರ್. ಯಾಕಂದ್ರ ದಾದಾಗೂ, ಅಂದ್ರ ಚಮನಸಾಬ ಅಜ್ಜಗೂ, ದಮ್ಮು ಇತ್ತು. ದಾದಾ ಕಡೀ ವರ್ಷ ಮಂಚ ಹಿಡಿದಾಗ ದಾದಿ ಪ್ರತಿ ಗುರುವಾರ ಅವರ ಮಂಚದ ಕೆಳಗೇ ಲೋಬಾನ ಇಡತಿದ್ಲು. ಆರಾಮ ಆಗಲಿ ಅಂತ. ಈಗ ನಾ ಹೊಗೆಯಿಂದ ದಮ್ಮು ಏರತೈತಿ ಅಂದ್ರ ದಾದಿ ಮೊದಲು ನನ್ನ ನೆನಸೂದಿಲ್ಲ, ದಾದಾನ್ನ ನೆನಸ್ತಾಳ. ಆಮೇಲೆ ಆಕಿ ಊಟ ಮಾಡೂದಿಲ್ಲ. ನನಗೆ ಗೊತ್ತು.

ಗುರುವಾರ ಲೋಬಾನ ಹಾಕಿ ದಾದಾನ ಜೋಡಿ ಮಾತಾಡತಾಳ. ಎಮ್ಮಿ ಎಷ್ಟು ಹಾಲು ಕೊಟ್ಟಿತು, ನಾ ಎಷ್ಟು ಮಾರ್ಕ್ಸ್ ತಗೊಂಡೆ, ಎಲ್ಲಾ ಹೇಳತಾಳ. ನಾನು ವಾರಕ್ಕೆ ಒಂದೆರಡು ದಿನಾ ತಡಕೋತೇನಿ ಸರ್. ನೀವು ಹೊಗೆ ವಿಷಯ ಬರೀಬ್ಯಾಡ್ರಿ.

ತಮ್ಮ ವಿಧೇಯ,
ಸಗೀರಾ ಮೈಬೂಬ, ಏಳನೆಯ ತರಗತಿ


ಬಸವನ ಬಾಗೇವಾಡಿ
10 ನವೆಂಬರ್ 2002

(ನೀಲಿ ಶಾಯಿ)

ಸುಲ್ತಾನಬಿ ಅಮ್ಮಾರಿಗೆ ನಮಸ್ಕಾರ. ರಮಜಾನ ಚಾಲೂ ಆತು, ನಿಮ್ಮ ರೋಜಾ ಸುಸೂತ್ರ ನಡೀಲಿ. ಹುಡುಗಿಯ ಪಂಪ್ ಎರಡೂ ಹೊತ್ತು ನಡದೈತಿ ಅಂತ ಕೇಳಿ ಡಾಕ್ಟರ್ ನಿಷತ ಬಾಯಾರಿಗೆ ಸಂತೋಷ ಆಗೈತಿ. ಹತ್ತರ ಬದಲಿ ಹನ್ನೆರಡ ಎಣಸೂದು ಬ್ಯಾಡ, ಹತ್ತ ಸಾಕು ಅಂತ ನಕ್ಕರು.

(ಕೆಂಪು ಶಾಯಿ)

ಸಗೀರಾ, ನೀಲಿದು ದಾದಿಗೆ ಓದು. ಕೆಂಪು ನಿನಗಷ್ಟ.

ನಿನ್ನ ಕಾಗದ ಎರಡ ಸಲ ಓದಿದೆ. ಅಮ್ಮಾರಿಗೆ ಛಲ ಅಂತ ಬರದ ನನ್ನ ಕೈಗೆ ನಾನ ಹೊಡಕೊಂಡೆ. ನೀನು ದಾದಿ ಮನಸು ಕಾಯಾಕತ್ತಿ, ಅದು ದೊಡ್ಡ ಗುಣಾ. ಆದ್ರ ವಾರಕ್ಕ ಒಂದೆರಡ ದಿನಾ ತಡಕೋತೇನಿ ಅನ್ನೂದು ಸಣ್ಣ ಮಾತಲ್ಲವ್ವಾ. ದಮ್ಮು ವಾರದ ಸಂತಿ ಅಲ್ಲ, ಒಂದ ದಿನಕ್ಕ ಬಂದು ಹೋಗಾಕ. ಮನಸ ಗಟ್ಟಿ ಮಾಡಿ ನೀನ ಹೇಳು. ಅಲ್ಲೀತನಕ ಗುರುವಾರ, ಸೋಮವಾರ ಸಂಜಿಕೆ ಅಭ್ಯಾಸ ಐತಿ ಅಂತ ಹೇಳಿ ಹೊರಗ ಕಟ್ಟಿ ಮ್ಯಾಲ ಕುಂಡ್ರು.

ಈಗ ನನ್ನ ತಪ್ಪು ಕೇಳು. ತಾಯತ ಭದ್ರ ಐತಿ ಅಂತ ಎರಡ ಸಲ ಬರದೇನಿ. ಅದು ಸುಳ್ಳು. ಮುದ್ದೇಬಿಹಾಳದಾಗ ಪುಗ್ಗ್ಯಾನ್ನ ಟೆಂಪೋದಿಂದ ಇಳಸೂವಾಗ ಕೊರಳಾಗ ಇದ್ದಿಲ್ಲ. ಧೂಳಾಗ ಕುಂತು ಹುಡಕೀನಿ. ದಾದಿಗೆ ಹ್ಯಾಂಗ ಹೇಳ್ಲಿ ಅಂತ ನನಗೂ ಧೈರ್ಯ ಆಗವಲ್ತು. ಹಿಂಗಾಗಿ ನಾವಿಬ್ಬರೂ ಒಂದ ಸಾಲಿ ಹುಡುಗ್ರು.

ಗುರಣ್ಣ


ದೇವಣಗಾಂವ
12 ಡಿಸೆಂಬರ್ 2002

ಗುರಣ್ಣ ಮಾಸ್ತರರಿಗೆ ಸುಲ್ತಾನಬಿಯ ಸಲಾಮು.

ಅಕ್ಷರ ಬ್ಯಾರೆ ಕಾಣತಾವಲ್ಲ? ಇದನ್ನ ಬರಿಯಾಕಿ ಸಗೀರಾ ಅಲ್ಲ. ನಮ್ಮ ಓಣಿಯ ದರ್ಜಿ ಬಂದೇನವಾಜ ಬರೀತಾನ. ಅಂವಾ ಹೊಲಗಿ ಹೊಲಧಂಗ ಬಿಡಸಿ ಬಿಡಸಿ ಬರೀತಾನ, ಸಾವಕಾಶ ಓದಕೋರಿ. ಹುಡುಗಿ ಸಾಲಿಗೆ ಹೋಗ್ಯಾಳ.

ನನಗ ಓದಾಕ ಬರೂದಿಲ್ಲ ಮಾಸ್ತರ. ಬಣ್ಣಾನೂ ಕಾಣೂದಿಲ್ಲೇನು? ಹೋದ ಕಾಗದ ಆಕಿ ಕೈಯಾಗ ಇತ್ತು, ನಾ ಎದುರ ಕುಂತಿದ್ದೆ. ಮ್ಯಾಲ ನಾಕ ಸಾಲು ನೀಲಿ, ಕೆಳಗ ತುಂಬಾ ಕೆಂಪು. ನೀಲಿ ಓದಿದ್ಲು. ಕೆಂಪು ಬಂದ ಕೂಡ್ಲೆ ಮುಗೀತು ದಾದಿ ಅಂತ ಮಡಚಿ ಪುಸ್ತಕದಾಗ ಇಟ್ಲು. ಆಕಿ ಕಣ್ಣಾಗ ನೀರಿತ್ತು. ಮೊದಲಿನ ಕಾಗದದಾಗೂ ಹಿಂಗ ಆಗಿತ್ತು. ಕಾಗದ ಉದ್ದ ಇರತಿತ್ತು, ಓದಿದ್ದು ಗಿಡ್ಡ. ಕೆಂಪು ನೋಡಿದ ಮ್ಯಾಲ ಸುಮ್ನ ಇರಾಕ ಆಗಲಿಲ್ಲ.

ಕೆಂಪು ಅಂದ್ರ ಏನಂತ ನನಗ ಗೊತ್ತೈತಿ. ಸಾಲಿಯೊಳಗ ನಾಪಾಸ ಅಂದ್ರ ಕೆಂಪು. ಚಮನಸಾಬನ ಕಡೀ ಚೀಟಿ ಸೊಲ್ಲಾಪುರದ ಡಾಕ್ಟರ ಬರದ ಕೊಟ್ಟಿದ್ದ, ಅದರಾಗ ಒಂದು ಸಾಲಿನ ಕೆಳಗ ಕೆಂಪು ಗೆರಿ ಇತ್ತು. ಆ ಸಾಲು ನನಗ ಯಾರೂ ಓದಿ ಹೇಳಲಿಲ್ಲ. ಮಗ ಹೇಳಲಿಲ್ಲ, ಸೊಸಿ ಹೇಳಲಿಲ್ಲ, ಎಲ್ಲಾರೂ ಆರಾಮ ಆಕ್ಕಾನ ಅಂದ್ರು. ಹನ್ನೊಂದ ದಿನಕ್ಕ ಅಂವಾ ಹೋದ. ಈಗ ಹುಡುಗಿ ತನ್ನ ಸಾವು ತಾನ ಓದಕೊಂಡು ನನ್ನ ಮುಂದ ನಗಾಕತ್ತಾಳ ಅಂತ ತಿಳಕೊಂಡೆ.

ಅವತ್ತಿಂದ ದಿನಾ ಲೋಬಾನ ಹಾಕಿದೆ ಮಾಸ್ತರ. ಮುಂಜಾನೆ, ಸಂಜಿಕೆ. ಹೊಗಿ ಹೊರಗ ಹೋಗಿ ಹಾಳಾಗಬಾರದಂತ ಕಿಡಕಿ ಹಾಕಿದೆ. ಹುಡುಗಿ ಕಟ್ಟಿ ಮ್ಯಾಲ ಕುಂಡ್ರತೇನಿ ಅಂದ್ರ ಕೈ ಹಿಡದು ಒಳಗ ಎಳಕೊಂಡ ಬಂದೆ. ರಮಜಾನ ಈದಿಗೆ ಒಂದ ದಿನಾ ಮೊದಲ ಮುಂಜಾನೆ ಆಕಿ ತುಟಿ ನೀಲಿ ಆದುವು. ನೀಲಿ ಪಂಪ್ ಹತ್ತ ಸಲ ಒತ್ತಿದ್ರೂ ಇಳೀಲಿಲ್ಲ. ಬಂದೇನವಾಜ ತನ್ನ ಅಂಗಡಿ ತೆರದ ಇಟ್ಟು ಜೀಪ ತಂದ. ಸಿಂದಗಿ ದವಾಖಾನ್ಯಾಗ ಮೂರ ದಿನಾ ಹವಾ ಹಚ್ಚಿದ್ರು. ಈಗ ಆರಾಮ ಅದಾಳ. ಎದ್ದ ಕೂಡ್ಲೆ ಕೇಳಿದ್ದು, ದಾದಿ ನೀ ಉಂಡೇನು ಅಂತ.

ಆ ಕೆಂಪು ಸಾಲಿನ್ಯಾಗ ಏನೈತಿ? ನನ್ನ ಹುಡುಗಿಗೆ ಎಷ್ಟು ದಿನಾ ಉಳದಾವ? ಬಂದೇನವಾಜನ್ನ ಆ ಕಾಗದ ಓದು ಅಂದ್ರ, ಮಂದಿ ಕಾಗದ ಓದಬಾರದು ಚಾಚಿ ಅಂತಾನ. ಇನ್ನ ಕಾಗದ ಬ್ಯಾಡ್ರಿ. ಪ್ರತಿ ಕಾಗದಕ್ಕೂ ನನಗೂ ನಡುವ ಒಬ್ಬರು ಕುಂತಿರ್ತಾರ. ಅಂಗಡ್ಯಾಗ ಟೇಪ್ ಐತಿ. ನಿಮ್ಮ ಯಂತ್ರದ ಬಾಯಿಲೆ ಹೇಳಸಿ ಕ್ಯಾಸೆಟ್ಟು ಕಳಸ್ರಿ. ಅದಕ್ಕ ಮನಸ ಕಾಯಾಕ ಬರೂದಿಲ್ಲ, ಖರೆ ಹೇಳತೈತಿ.

ಹೆಬ್ಬೆಟ್ಟು: ಸುಲ್ತಾನಬಿ


ಬಸವನ ಬಾಗೇವಾಡಿ
18 ಡಿಸೆಂಬರ್ 2002

(ಕ್ಯಾಸೆಟ್ಟಿಗೆ ಸುತ್ತಿದ ಚೀಟಿ: ಬಂದೇನವಾಜ, ಟೇಪ್ ಹಚ್ಚಿ ಹೊಲಗಿ ಯಂತ್ರ ಬಂದ್ ಮಾಡು. ಸಗೀರಾನೂ ಬಾಜೂಕ ಇರಲಿ. ಕಾಗದದ ಪುಡಿಕ್ಯಾಗ ಇರೂದು ಅಮ್ಮಾರ ಕೈಗೆ ಕೊಡು. ಮಾತು ಮರೀಬಾರದಂತ ಬರಕೊಂಡು ಓದಿ ತುಂಬೇನಿ, ಆ ಹಾಳಿನೂ ಇದರ ಸಂಗಾಟ ಐತಿ.)

ಸಲಾಮ ದಾದಿ. ನಾ ಪುಗ್ಗ್ಯಾ ಮಾತಾಡಾಕತ್ತೇನಿ. ಸಗೀರಾ ಸಾಯೂದಿಲ್ಲ. ಇನ್ನೊಮ್ಮೆ ಹೇಳತೇನಿ. ಸಗೀರಾ ಸಾಯೂದಿಲ್ಲ. ಕಂದು ಪಂಪು ದಿನಾ ತಗೊಂಡು ಹೊಗಿಯಿಂದ ದೂರ ಇದ್ರ ಆಕಿ ಓಡತಾಳ, ಆಡತಾಳ, ನಿಮ್ಮಷ್ಟು ವಯಸ್ಸಿನ ಮುದುಕಿ ಆಗಿ ಮೊಮ್ಮಕ್ಕಳಿಗೆ ಬೈತಾಳ. ಎಲ್ಲಾ ಊರಾಗ ಎಲ್ಲಾ ಹುಡುಗರಿಗೆ ಹೇಳೂ ಮಾತ ಈಗ ನಿಮಗ ಹೇಳತೇನಿ. ದಮ್ಮಿನ ಎದಿಗೆ ಹೊಗಿ ವೈರಿ. ಬೀಡಿ ಹೊಗಿ, ಒಲಿ ಹೊಗಿ, ಲೋಬಾನದ ಹೊಗಿ.

ಅಮ್ಮಾ, ಇಲ್ಲಿಂದ ಗುರಣ್ಣ. ಪುಗ್ಗ್ಯಾನ ದನಿನೂ ನಂದ. ಪರದೆ ಹಿಂದ ಕುಂತು ಗುಂಡಿ ಒತ್ತಾಂವ ನಾನ. ಅದಕ್ಕ ಯಂತ್ರ ಖರೆ ಹೇಳತೈತಿ ಅಂತ ನೀವು ಬರದದ್ದು ಓದಿ ನನಗ ನಾಚಿಕಿ ಆತು.

ಕೆಂಪು ಶಾಯಿ ನನ್ನ ಶಾಣ್ಯಾತನ. ಅದರಾಗ ಸಾವಿನ ಸುದ್ದಿ ಇದ್ದಿಲ್ಲ. ಲೋಬಾನ ನಿಲ್ಲಸಾಕ ದಾದಿಗೆ ನೀನ ಹೇಳು ಅಂತ ಸಗೀರಾಗ ಬರದಿದ್ದೆ. ಅದರ ಕೆಳಗ ನನ್ನ ಸುಳ್ಳು ಒಪ್ಪಿಕೊಂಡಿದ್ದೆ. ನಿಮ್ಮ ತಾಯತ ಮೂರ ತಿಂಗಳ ಕಳದಿತ್ತು, ಭದ್ರ ಐತಿ ಅಂತ ಬರಕೊಂತ ಬಂದೆ.

ನಿಮ್ಮ ಕಾಗದ ಬಂದ ದಿನಾ ಮಕ್ಕಳಿಗೆ ಪಾಠ ಇತ್ತು. ಪುಗ್ಗ್ಯಾನ ಎಡಗಡೆ ಪುಗ್ಗಾ ಉಬ್ಬವಲ್ತು. ನಳಗಿ ಹೊಸಾದು ಹಾಕಿದ್ದೆ, ಆದ್ರೂ ತಿಂಗಳಿಂದ ಎಡಗಡೆ ಎದಿ ದಿನಕ್ಕಷ್ಟ ಕುಗ್ಗಾಕತ್ತಿತ್ತು. ಎದಿ ಬಿಚ್ಚಿ ನೋಡಿದೆ. ಹವಾ ಹೋಗೂ ಬಾಯಾಗ ನಿಮ್ಮ ತಾಯತ ಕುಂತಿತ್ತು. ಕೊರಳಿಂದ ಜಾರಿ ಎದಿಯ ತಳಕ್ಕ ಬಿದ್ದು, ನಳಗಿ ಹಾಕೂವಾಗ ನನ್ನ ಕಣ್ಣಿಗೆ ಬೀಳದ, ಟೆಂಪೋದ ಕುಲಕಾಟಕ್ಕ ಮ್ಯಾಲ ಸರದು ದಾರ ನಳಗಿಗೆ ಸುತ್ತಿಕೊಂಡಿತ್ತು. ಸಗೀರಾ ಅದನ್ನ ಕಟ್ಟಿದ್ದು ಪುಗ್ಗ್ಯಾನ ಉಸರು ಸಲೀಸ ಆಗಲಿ ಅಂತ. ತಾಯತದ್ದೇನೂ ತಪ್ಪಿಲ್ಲ, ಕಟ್ಟಿದ ಕೈಯಿದೂ ತಪ್ಪಿಲ್ಲ. ಇರೂ ಜಾಗಾ ತಪ್ಪಿತ್ತು. ಹೊರಗಿರೂದು ಒಳಗ ಹೋಗಿತ್ತು ಅಷ್ಟ.

ಅಮ್ಮಾ, ನಿಮ್ಮ ಲೋಬಾನನೂ ಹಂಗರಿ.

ಪುಡಿಕ್ಯಾಗ ತಾಯತ ಐತಿ, ನೋಡ್ರಿ. ಸಗೀರಾ ನಿಮಗ ಯಾಕ ಹೇಳಲಿಲ್ಲ ಅಂಬೂದು ನನ್ನ ಬಾಯಿಲೆ ಬರೂ ಮಾತಲ್ಲ. ಆಕಿನ್ನ ಕೇಳ್ರಿ. ಬೈಯದ ಕೇಳ್ರಿ.


ದೇವಣಗಾಂವ
5 ಏಪ್ರಿಲ್ 2003

ಗುರಣ್ಣ ಮಾಸ್ತರರಿಗೆ ಸುಲ್ತಾನಬಿಯ ಸಲಾಮು.

ನಾಕ ತಿಂಗಳ ಕಾಗದ ಬರೀಲಿಲ್ಲ ಅಂತ ಸಿಟ್ಟಾಗಬ್ಯಾಡ್ರಿ. ಹುಡುಗಿ ಪರೀಕ್ಷಾ ಮುಗಿಯೂತನಕ ಆಕಿ ಕೈಯಾಗಿನ ಪೆನ್ನಿಗೆ ಬ್ಯಾರೆ ಕೆಲಸ ಕೊಡಬಾರದಂತ ಬಿಟ್ಟಿದ್ದೆ. ಈಗ ಸಗೀರಾನ ಬರೀತಾಳ. ಖರೆ ನಾ ಶಾಣ್ಯಾಕಿ ಆಗೇನಿ. ಆಕಿ ಬರದದ್ದನ್ನ ಬಂದೇನವಾಜ ಓದಿ ತೋರಸ್ತಾನ. ನಿಮ್ಮ ಕಾಗದ ಬಂದ್ರೂ ಇಬ್ಬರ ಕಡೆ ಬ್ಯಾರೆ ಬ್ಯಾರೆ ಓದಸ್ತೇನಿ. ನೀವು ಯಾವ ಶಾಯಿಲೆ ಬೇಕಾದ್ರೂ ಬರೀರಿ.

ಕ್ಯಾಸೆಟ್ಟು ಕೇಳಿದ್ವಿ. ಸಗೀರಾ ಸಾಯೂದಿಲ್ಲ ಅಂತ ನಿಮ್ಮ ಯಂತ್ರ ಎರಡ ಸಲ ಹೇಳತೈತಲ್ಲ, ಅಷ್ಟನ್ನ ನಾ ಆರ ಸಲ ತಿರಗಿಸಿ ಕೇಳಿದೆ. ಬಂದೇನವಾಜ, ಚಾಚಿ ರೀಲ ಹರೀತೈತಿ ಅಂದ. ಹರೀಲಿ ಅಂದೆ. ಅಂಗಡ್ಯಾಗ ಮಂದಿ ಮುಂದ ಅತ್ತೆ, ನನಗ ನಾಚಿಕಿ ಇಲ್ಲ. ಪರದೆ ಹಿಂದ ನೀವ ಕುಂತಿರ್ತೀರಿ ಅಂಬೂದು ನನಗ ಸಿಂದಗ್ಯಾಗನ ಗೊತ್ತಾಗಿತ್ರಿ. ನಿಮ್ಮ ಚಪ್ಪಲಿ ಕಾಣತಿದ್ವು.

ಆಮ್ಯಾಲ ಹುಡುಗಿನ್ನ ಕೇಳಿದೆ. ಬೈಯಲಿಲ್ಲ. ಆಕಿ ದಾದಾನ ಮಂಚದ ಮಾತ ಹೇಳಿದ್ಲು. (ಇದನ್ನ ಬರಿಯಾಕ ಒಲ್ಲೆ ಅಂತಾಳ. ಬರಿ ಅಂದೇನಿ, ಬರೀತಾಳ.) ಎಂಟೊಂಬತ್ತ ದಿನಾ ನನಗ ಊಟ ಸೇರಲಿಲ್ಲ, ಅದು ಖರೆ. ಆಮ್ಯಾಲ ವಿಚಾರ ಮಾಡಿದೆ. ಚಮನಸಾಬ ನಲವತ್ತ ವರ್ಷ ದಿನಕ್ಕ ಎರಡ ಕಟ್ಟ ಬೀಡಿ ಸೇದಿದ. ಹತ್ತಿ ಗಿರಣಿಯಾಗ ದುಡದ. ಅಂವಾ ಮಂಚ ಹಿಡದಾಗ ನನ್ನ ಕಡೆ ಇದ್ದದ್ದು ಲೋಬಾನ ಒಂದ, ಅದನ್ನ ಕೊಟ್ಟೆ. ತಪ್ಪಾಗಿದ್ರ ಅದು ನನ್ನ ಅಂವನ ನಡುವಿಂದು, ಮ್ಯಾಲ ಹೋದಾಗ ನಾವಿಬ್ಬರೂ ಜಗಳಾಡಿ ಮುಗಸ್ತೇವಿ. ಹನ್ನೆರಡ ವರ್ಷದ ಹುಡುಗಿ ಅದನ್ನ ತನ್ನ ಎದಿಯಾಗ ಯಾಕ ಹೊರಬೇಕು? ಮೊದಲ ಅಲ್ಲಿ ಹವಾಕ್ಕ ಜಾಗಾ ಇಲ್ಲ. ಹಿಂಗಂತ ಆಕಿಗೆ ಹೇಳಿದೆ. ಅವತ್ತ ಇಬ್ಬರೂ ಕೂಡಿ ಉಂಡ್ವಿ.

ಲೋಬಾನ ಬಿಟ್ಟಿಲ್ರಿ. ಗುರುವಾರ ಸಂಜಿಕೆ ಕೆಂಡದ ಬಟ್ಟಲಾ ಹಿಡಕೊಂಡು ನಾನ ಕಬರಸ್ತಾನಕ್ಕ ಹೋಗತೇನಿ. ಹೊಲದ ದಂಡಿ, ಬಯಲ ಗಾಳಿ ಐತಿ. ಅಂವನ ಬಾಜೂಕ ಕುಂತು ಹೊಗಿ ಹಾಕಿ, ವಾರದ ಸುದ್ದಿ ಹೇಳಿ ಬರತೇನಿ. ಮೂರ ವರ್ಷ ಅಂವನ್ನ ಮನಿಗೆ ಕರದೆ, ಈಗ ನಾ ಅಂವನ ಮನಿಗೆ ಹೋಗತೇನಿ. ತಿರಗಿ ಬಂದ ಮ್ಯಾಲ ಹೊದ್ದ ಚಾದರ ಹೊರಗಿನ ಗೂಟಕ್ಕ ಹಾಕಿ, ಮಾರಿ ತೊಳಕೊಂಡು ಒಳಗ ಬರತೇನಿ. ಹೆಂಗಸು ಕಬರಸ್ತಾನಕ್ಕ ಹೋಗತಾಳ ಅಂತ ಒಬ್ಬಿಬ್ಬರು ಅಂದ್ರು. ಹುಡುಗಿ ಗೆರಿ ಹೊಡಿಯೂ ಹೊಸಾ ಹಾಳಿ ತೋರಿಸಿದೆ. ಜನವರಿಯಿಂದ ಶುಕ್ರವಾರದ ಮನಿ ಎಲ್ಲಾ ಖಾಲಿ ಅದಾವ. ಒಂದು ಗೆರಿ ಐತಿ, ಅದು ಜೋಳದ ರಾಶಿ ದಿನದ್ದು, ನೀಲಿ ಪಂಪಿಗೆ ಇಳೀತು. ಆ ಹಾಳಿ ಇದರಾಗ ಮಡಚಿ ಇಟ್ಟೇವಿ, ಡಾಕ್ಟರ್ ಬಾಯಾರಿಗೆ ಕೊಡ್ರಿ.

ಏಳನೆತ್ತಾ ಪರೀಕ್ಷಾ ಆರೂ ಪೇಪರ ಬರದಾಳ. ಗಣಿತ ಮಾತ್ರ ಹಂಗ ಹಿಂಗ ಅಂತಾಳ. ಮೈಬೂಬ ಸೊಲ್ಲಾಪುರದಿಂದ ಬಂದು, ಮುಂದಿನ ವರ್ಷ ಹೈಸ್ಕೂಲಿಗೆ ಹಾಕೂಣು ಅಂತ ಹೇಳಿ ಹೋದ.

ತಾಯತ ತಿರಗಿ ಕಳಸೇನಿ, ನೋಡ್ರಿ. ಸಗೀರಾಗ ಹೊಸಾ ದಾರ ಪೋಣಿಸಿ ಕಟ್ಟಾಕ ಹೋದ್ರ, ಪುಗ್ಗ್ಯಾಗ ಇರಲಿ ದಾದಿ, ಅಂವಾ ಊರೂರ ತಿರಗಾಂವ ಅಂದ್ಲು. ಚಮನಸಾಬನೂ ಹಂಗ, ತಿರಗಾವ್ರಿಗೆ ಕಾವಲು ಬೇಕು ಅಂತಿದ್ದ. ಈ ಸಲ ಕೊರಳಿಗೆ ಕಟ್ಟೂದ ಬ್ಯಾಡ್ರಿ. ಬಂದೇನವಾಜ ಪುಗ್ಗ್ಯಾಗ ಒಂದು ಅಂಗಿ ಹೊಲದಾನ. ಅಳತಿ ಸಗೀರಾ ಹೇಳಿದ್ದು, ತಪ್ಪಿದ್ರ ಆಕಿನ್ನ ಕೇಳ್ರಿ. ಎದಿ ಮ್ಯಾಲ ಸಣ್ಣ ಕಿಸೆ ಐತಿ, ಹೊರಗಡೆ. ತಾಯತ ಅದರಾಗ ಇಟ್ಟು ಬಾಯಿ ಹೊಲದೇವಿ.

ಪುಗ್ಗ್ಯಾನ್ನ ಕರಕೊಂಡು ದೇವಣಗಾಂವಕ್ಕ ಒಮ್ಮೆ ಬರ್ರಿ. ಶೇಂಗಾ ಹೋಳಿಗಿ ಮಾಡತೇನಿ. ಪುಗ್ಗ್ಯಾ ಉಣ್ಣೂದಿಲ್ಲ, ಅಂವನ ಪಾಲೂ ನಿಮಗ.

ಹೆಬ್ಬೆಟ್ಟು: ಸುಲ್ತಾನಬಿ

ಸರ್, ಕೆಳಗಿನ ಸಾಲುಗಳನ್ನು ಕೆಂಪು ಶಾಯಿಯಲ್ಲಿ ಬರೀಬೇಕು ಅಂತ ದಾದಿ ಹಟ ಹಿಡಿದಾಳ. ಹೆಡ್‌ಮಾಸ್ತರ ಕಡೆ ಹೋಗಿ ಪೆನ್ನು ಇಸಕೊಂಡು ಬಂದೇನಿ. ಒಂದು ಅಕ್ಷರಾನೂ ನಂದಲ್ಲ. ಸಗೀರಾ.

(ಕೆಂಪು ಶಾಯಿ)

ಮಾಸ್ತರ, ಕಡೀ ಪೇಪರ ಮುಗದ ದಿನಾ ಹುಡುಗಿ ಬಸ್ ಇಳದು ಮನಿತನಕ ಓಡಿಕೊಂತ ಬಂದ್ಲು. ನಾ ಬಾಗಲಾಗ ಆಕಿನ್ನ ಅವಚಿ ಹಿಡದು, ಎದಿಗೆ ಕಿವಿ ಹಚ್ಚಿ ಕೇಳಿದೆ. ಒಳಗ ಸುಂಯ್ ಅನ್ನೂ ಸಪ್ಪಳ ಇದ್ದಿಲ್ಲ. ಇದನ್ನ ಪುಗ್ಗ್ಯಾಗ ಓದಿ ಹೇಳ್ರಿ, ಒಂದೂ ಸಾಲ ಬಿಡಬ್ಯಾಡ್ರಿ.